ಸುರಂಗದ ನಕ್ಷೆ ಯಾವ ಫೈಲಿನಲ್ಲಿ?

ಕಾಸರಗೋಡಿನ ಬಾಯಾರು, ಪಡ್ರೆ ಕಡೆಯ ಗುಡ್ಡಗಳಲ್ಲಿ ಮುರಕಲ್ಲು ಕೊರೆದು ನೀರು ತಂದ ಸುರಂಗಗಳನ್ನು ಮೊಬೈಲ್ ಜಿಪಿಎಸ್‌ನಲ್ಲಿ ಗುರುತಿಸುವುದು ಈಗ ದೊಡ್ಡ ಕೆಲಸವೇನಲ್ಲ. ಊರಿನ ಗ್ರಂಥಾಲಯದವರೋ ಶಾಲೆಯ ಮಕ್ಕಳೋ ಮನಸ್ಸು ಮಾಡಿದರೆ ಪಟ್ಟಿ ಸಿದ್ಧ. ತಲೆನೋವು ಶುರುವಾಗುವುದು ಆಮೇಲೆ. ಬೇಕಾದವರು ಡೌನ್‌ಲೋಡ್ ಮಾಡಿಕೊಳ್ಳಲಿ ಎಂದರೆ, ಯಾವ ಫಾರ್ಮ್ಯಾಟ್‌ನಲ್ಲಿ ಕೊಡುವುದು?

ಮೊದಲು, ಇಳಿಸಿಕೊಳ್ಳುವವರು ಅದನ್ನಿಟ್ಟುಕೊಂಡು ಏನು ಮಾಡುತ್ತಾರೆ ಎಂದು ಯೋಚಿಸಿ. ಜಾಗ ನೋಡಿ ಹೋಗಬೇಕೆನ್ನುವವರಿಗೆ ಕೆಎಂಎಲ್ ಸಾಕು, ಗೂಗಲ್ ಅರ್ಥ್‌ನಲ್ಲಿ ನೇರ ತೆರೆಯುತ್ತದೆ. ಫೋಟೊ ಸೇರಿಸಿ ಜಿಪ್ ಮಾಡಿದರೆ ಅದೇ ಕೆಎಂಝಡ್. ನಡೆದ ದಾರಿಯನ್ನೇ ಕೊಡುವುದಾದರೆ ಜಿಪಿಎಕ್ಸ್. ಕಂಪ್ಯೂಟರಿನಲ್ಲಿ ತಿದ್ದುವವರಿಗೆ, ಲೆಕ್ಕ ಹಾಕುವವರಿಗೆ ಇವು ಸಾಲವು.

ಅಂಥವರಿಗೆಂದು ಎಲ್ಲರೂ ಅಭ್ಯಾಸಬಲದಿಂದ ಕೊಡುವುದು 1990ರ ದಶಕದ ಶೇಪ್‌ಫೈಲ್. ಹೆಸರಿಗೆ ಒಂದು ಫೈಲ್, ನಿಜಕ್ಕೆ ಒಂದು ಗುಂಪು. ಎಸ್‌ಎಚ್‌ಪಿ, ಎಸ್‌ಎಚ್‌ಎಕ್ಸ್, ಡಿಬಿಎಫ್ ಮೂರೂ ಜೊತೆಗಿರಲೇಬೇಕು; ಹೆಸರು, ವಿವರಗಳ ಪಟ್ಟಿ ಇರುವುದು ಡಿಬಿಎಫ್‌ನಲ್ಲಿ. ಪಿಆರ್‌ಜೆ ಬಿಟ್ಟುಹೋದರೆ ನಿರ್ದೇಶಾಂಕ (ಜಾಗ ಸೂಚಿಸುವ ಅಂಕಿ) ಯಾವ ಪದ್ಧತಿಯದೆಂದು ಗೊತ್ತಾಗದು. ವಾಟ್ಸ್ಆ್ಯಪ್‌ನಲ್ಲಿ ಎಸ್‌ಎಚ್‌ಪಿ ಒಂದನ್ನೇ ಕಳಿಸಿದರೆ 'ತೆರೆಯುವುದೇ ಇಲ್ಲ ಮಾರಾಯ್ರೇ' ಎಂಬ ಉತ್ತರ ಖಂಡಿತ.

ನಮಗೆ ಅದಕ್ಕಿಂತ ದೊಡ್ಡ ಕಾಟ ಅಕ್ಷರದ್ದು. ಡಿಬಿಎಫ್‌ನಲ್ಲಿ ಕಾಲಂ ಹೆಸರಿಗೆ ಸಿಗುವುದು 10 ಬೈಟ್. ಅಕ್ಷರಗಳನ್ನು ಬೈಟ್‌ಗಳಾಗಿ ಬರೆದಿಡುವ ಯುಟಿಎಫ್-8 ಎನ್‌ಕೋಡಿಂಗ್‌ನಲ್ಲಿ ಕನ್ನಡದ ಪ್ರತಿ ಅಕ್ಷರಕ್ಕೆ, ಗುಣಿತದ ಪ್ರತಿ ಚಿಹ್ನೆಗೆ 3 ಬೈಟ್ ಬೇಕು. 'ಊರಿನ ಹೆಸರು' ಎಂದು ಕಾಲಂ ಇಟ್ಟರೆ ಉಳಿಯುವುದು 'ಊರಿ'. ಒಳಗಿನ ಹೆಸರುಗಳದ್ದೂ ಇದೇ ಕಥೆ: 'ಮಂಜೇಶ್ವರ'ಕ್ಕೆ 24 ಬೈಟ್ ಬೇಕು, ಕಾಲಂ ಅಗಲ 20 ಇದ್ದರೆ 'ಮಂಜೇಶ್'ಗೇ ನಿಲ್ಲುತ್ತದೆ. ಎನ್‌ಕೋಡಿಂಗ್ ಹೇಳುವ ಸಿಪಿಜಿ ಫೈಲ್ ಕಳೆದುಹೋದರೆ ಅಷ್ಟೂ ಅಕ್ಷರ ಕಲಸುಮೇಲೋಗರವಾಗಲೂಬಹುದು.

ಆದ್ದರಿಂದ ಮೂಲ ಪ್ರತಿಯನ್ನು ಜಿಯೋಪ್ಯಾಕೇಜ್‌ನಲ್ಲಿಡಿ. 2014ರಲ್ಲಿ ಮಾನಕವಾದ ಇದು ಒಂದೇ ಫೈಲು, ಒಳಗಿರುವುದು ಎಸ್‌ಕ್ಯೂಲೈಟ್ ಡೇಟಾಬೇಸ್, ಕಾಲಂ ಹೆಸರಿಗೆ ಆ ಕತ್ತರಿ ಇಲ್ಲ. ಕ್ಯೂಜಿಐಎಸ್ ಎಂಬ ಉಚಿತ ನಕ್ಷೆ ತಂತ್ರಾಂಶದಲ್ಲಿ ಲೇಯರ್ ಮೇಲೆ ರೈಟ್ ಕ್ಲಿಕ್ ಮಾಡಿ, ಎಕ್ಸ್‌ಪೋರ್ಟ್ ಒತ್ತಿ, ಸೇವ್ ಫೀಚರ್ಸ್ ಆಸ್‌ನಲ್ಲಿ ಆರಿಸಿಕೊಂಡರಾಯಿತು. ಕಾಸರಗೋಡಿನಲ್ಲಿ ಕನ್ನಡದ ಹೆಸರಿಗೊಂದು, ಮಲಯಾಳದ ಹೆಸರಿಗೊಂದು ಕಾಲಂ ಬೇಕೇ ಬೇಕು. ಎರಡನ್ನೂ ಒಂದೇ ಕಾಲಂನಲ್ಲಿ ತುರುಕಿದರೆ ಆಮೇಲೆ ಬಿಡಿಸುವ ಶಿಕ್ಷೆ ನಿಮಗೇ. ಎಲ್ಲರೂ ಸೇರಿ ತಿದ್ದುವ ಓಪನ್‌ಸ್ಟ್ರೀಟ್‌ಮ್ಯಾಪ್ ನಕ್ಷೆಯಲ್ಲೂ ಭಾಷೆಗೊಂದು ಟ್ಯಾಗ್ ಇದೆ.

ವೆಬ್‌ಸೈಟಿನಲ್ಲಿ ತೋರಿಸಲು ಜಿಯೋಜೇಸನ್ ಒಳ್ಳೆಯದು. ಅದರಲ್ಲಿ ರೇಖಾಂಶ ಮೊದಲು, ಅಕ್ಷಾಂಶ ಆಮೇಲೆ. ಕಾಸರಗೋಡಿಗೆ ಸುಮಾರು 75, 12.5 ಎಂದು ಬರೆಯಬೇಕು. ತಿರುಗಿಸಿ ಬರೆದರೆ ನಿಮ್ಮ ಸುರಂಗ ನಾರ್ವೆಗಿಂತ ಉತ್ತರದ ಸಮುದ್ರದಲ್ಲಿ ಬೀಳುತ್ತದೆ! ದಶಮಾಂಶದ ನಂತರ 5 ಅಂಕಿ ಸಾಕು, ಅದೇ ಸುಮಾರು ಒಂದು ಮೀಟರಿನ ನಿಖರತೆ. ಮೊಬೈಲ್ ಜಿಪಿಎಸ್ ಅದಕ್ಕಿಂತ ಸೂಕ್ಷ್ಮ ಹೇಳುವುದು ಅಪರೂಪ, ಹೆಚ್ಚಿನ ಅಂಕಿಗಳಿಂದ ಫೈಲ್ ದಪ್ಪವಾಗುತ್ತದೆ ಅಷ್ಟೆ.

ಎಕ್ಸೆಲ್ ಬಿಟ್ಟು ಬೇರೇನೂ ಬೇಡ ಎನ್ನುವವರಿಗೆ ಸಿಎಸ್‌ವಿ ಇರಲಿ, ಆದರೆ 'ಸಿಎಸ್‌ವಿ ಯುಟಿಎಫ್-8' ಎಂದೇ ಸೇವ್ ಮಾಡಿ. ಹಳೆಯ ನಕ್ಷೆ ಸ್ಕ್ಯಾನ್ ಮಾಡಿ ಜಾಗಕ್ಕೆ ಕೂರಿಸಿದ್ದರೆ ಜಿಯೋಟಿಫ್. ಬರೀ ಜೆಪೆಗ್ ಕೊಟ್ಟರೆ ಅದೊಂದು ಚಿತ್ರ ಮಾತ್ರ.

ಹಂಚುವ ಪ್ರತಿಗೆ ಇಪಿಎಸ್‌ಜಿ 4326, ಅಂದರೆ ಡಿಗ್ರಿಯಲ್ಲಿ ಅಕ್ಷಾಂಶ-ರೇಖಾಂಶ ಹೇಳುವ ಪದ್ಧತಿ, ಇರಲಿ. ದೂರ, ವಿಸ್ತೀರ್ಣ ಅಳೆಯುವವರು ಮೀಟರಿನಲ್ಲಿ ಲೆಕ್ಕ ಕೊಡುವ ಯುಟಿಎಂ ಪದ್ಧತಿಯ ವಲಯ 43ಕ್ಕೆ ಬದಲಿಸಿಕೊಳ್ಳುತ್ತಾರೆ. ಆ ವಲಯದ ನಡುರೇಖೆ 75 ಡಿಗ್ರಿ, ಕಾಸರಗೋಡು ಪೇಟೆಯ ಹತ್ತಿರವೇ ಹಾದುಹೋಗುತ್ತದೆ.

ಅಪ್‌ಲೋಡ್ ಮಾಡುವ ಮುಂಚೆ ತೋಟದ ಯಜಮಾನರ ಹೆಸರು, ಫೋನ್ ನಂಬರಿನ ಕಾಲಂಗಳನ್ನು ತೆಗೆದುಬಿಡಿ. ಹೈಡ್ ಮಾಡಿದರೆ ಸಾಲದು, ಕಣ್ಣಿಗೆ ಕಾಣದಿದ್ದರೂ ಅವು ಫೈಲಿನೊಳಗೇ ಇರುತ್ತವೆ. ಎಕ್ಸ್‌ಪೋರ್ಟ್ ಮಾಡುವಾಗಲೇ ಆ ಕಾಲಂಗಳ ಟಿಕ್ ತೆಗೆಯಿರಿ.