ಚಕ್ರಕ್ಕಿಂತ ಮೊದಲು ನೀರು: ಗಿರಣಿ ಕಟ್ಟಿದ ನನ್ನ ಅನುಭವ

ನೀರಿನ ಗಿರಣಿ ಅಂದ ಕೂಡಲೇ ಎಲ್ಲರ ಕಣ್ಣಿಗೆ ಬರುವುದು ದೊಡ್ಡ ಚಕ್ರ, ಅಲ್ವಾ? ನನಗೂ ಹಾಗೇ. ಅದಕ್ಕೇ ಮೊದಲು ಚಕ್ರ ಮಾಡಿದೆ, ಆಮೇಲೆ ತೊರೆಯ ಕಡೆ ನೋಡಿದೆ. ಅದರಲ್ಲೇ ಒಂದು ವರ್ಷ ಹೋಯಿತು.

ಆ ಮೊದಲ ಚಕ್ರ ಸುಲಭದ್ದು. ಸುತ್ತಲೂ ಹಲಗೆ ಹೊಡೆದು, ಕೆಳಭಾಗ ಹರಿಯುವ ನೀರಿನಲ್ಲಿ ಮುಳುಗುವಂತೆ ನಿಲ್ಲಿಸಿದ್ದೆ. ಎರಡು ಸಾವಿರ ವರ್ಷದ ಹಿಂದೆ ರೋಮಿನ ವಾಸ್ತುಶಿಲ್ಪಿ ವಿಟ್ರೂವಿಯಸ್ ಬರೆದಿಟ್ಟಿದ್ದೂ ಇಂಥದ್ದೇ ಚಕ್ರ. ಬರೀ ಚಕ್ರ ಚೆನ್ನಾಗಿಯೇ ತಿರುಗಿತು. ಬೀಸುವ ಕಲ್ಲಿಗೆ ಜೋಡಿಸಿದೆ ನೋಡಿ, ನಿಂತುಬಿಟ್ಟಿತು. ನೀರು ಹಲಗೆಯನ್ನು ಒಂದಿಷ್ಟು ತಳ್ಳಿ, ಪಕ್ಕದಿಂದ ನುಸುಳಿ ಹೋಗುತ್ತಿತ್ತು.

ಈ ಬಗೆಯ ಚಕ್ರಕ್ಕೆ ತುಂಬು ನದಿ ಬೇಕು. ಕ್ರಿ.ಶ. 537ರಲ್ಲಿ ಗೋಥರು ಎಂಬ ಜರ್ಮನ್ ಮೂಲದ ಜನ ರೋಮ್ ನಗರಕ್ಕೆ ಮುತ್ತಿಗೆ ಹಾಕಿ, ನೀರು ತರುವ ಕಾಲುವೆಗಳನ್ನು ಕಡಿದರು. ಗಿರಣಿಗಳೆಲ್ಲ ನಿಂತವು. ಆಗ ನಗರ ಕಾಯುತ್ತಿದ್ದ ಸೇನಾಪತಿ ಬೆಲಿಸಾರಿಯಸ್ ಟೈಬರ್ ನದಿಯಲ್ಲಿ ದೋಣಿಗಳನ್ನು ಜೋಡಿಯಾಗಿ ಕಟ್ಟಿಸಿ, ನಡುವೆ ಚಕ್ರ ಇಳಿಸಿ ಹಿಟ್ಟು ಬೀಸಿಸಿದ. ಟೈಬರ್‌ಗೆ ಆ ತಾಕತ್ತಿತ್ತು. ನನ್ನ ತೊರೆಗೆ ಇರಲಿಲ್ಲ.

ಆಮೇಲೆ ಜಾನ್ ಸ್ಮೀಟನ್ ಎಂಬ ಇಂಜಿನಿಯರ್ ಬಗ್ಗೆ ಓದಿದೆ. ಎರಡು ಅಡಿಯ ಮಾದರಿ ಚಕ್ರ ಇಟ್ಟುಕೊಂಡು ಅಳತೆ ಮಾಡಿ, 1759ರಲ್ಲಿ ಇಂಗ್ಲೆಂಡಿನಲ್ಲಿ ಆತ ಲೆಕ್ಕ ಮುಂದಿಟ್ಟ. ಕೆಳಗಿನ ಹರಿವಿನಿಂದ ತಿರುಗುವ ಚಕ್ರ ನೀರಿನ ಶಕ್ತಿಯಲ್ಲಿ ಹೆಚ್ಚೆಂದರೆ ಮೂರನೇ ಒಂದು ಭಾಗ ಹಿಡಿಯುತ್ತದೆ. ಮೇಲಿನಿಂದ ನೀರು ಬೀಳುವ ಚಕ್ರ ಸುಮಾರು ಮೂರನೇ ಎರಡು ಭಾಗ ಹಿಡಿಯುತ್ತದೆ. ಇಲ್ಲಿ ಕೆಲಸ ಮಾಡುವುದು ನೀರಿನ ಓಟವಲ್ಲ, ಅದರ ಭಾರ. ಸಣ್ಣ ತೊರೆ ಇರುವವರು ಇದೊಂದನ್ನು ತಿಳಿದುಕೊಂಡರೆ ಸಾಕು, ಅರ್ಧ ಕೆಲಸ ಮುಗಿದಂತೆ.

ಸರಿ, ನೀರು ಅಳೆದೆ. ಮರದ ತೆರೆದ ನಾಲೆಯಿಂದ ನೀರು ಬಿಟ್ಟು 60 ಲೀಟರಿನ ಡ್ರಮ್ ಹಿಡಿದೆ. ತುಂಬಲು 4 ಸೆಕೆಂಡ್. ಅಂದರೆ ಸೆಕೆಂಡಿಗೆ 15 ಲೀಟರ್. ಬೀಳುವ ಎತ್ತರ 2 ಮೀಟರ್. ಎರಡನ್ನೂ ಗುಣಿಸಿ, ಗುರುತ್ವದ ಲೆಕ್ಕಕ್ಕೆ ಮತ್ತೆ ಹತ್ತರಿಂದ ಗುಣಿಸಿದರೆ ಸುಮಾರು 300 ವಾಟ್, ಕೈಗೆ ಸಿಗುವುದು 200. ಸಣ್ಣ ಕಲ್ಲೊಂದನ್ನು ತಿರುಗಿಸಲು ಸಾಕು.

ಆ 2 ಮೀಟರ್ ಸಿಕ್ಕಿದ್ದು ಸುಮ್ನೆ ಅಲ್ಲ. ತೊರೆಯ ಮೇಲ್ಗಡೆ ಅಡ್ಡಕಟ್ಟೆ ಹಾಕಿ, ತೀರಾ ಕಡಿಮೆ ಇಳಿಜಾರಿನಲ್ಲಿ ಕಾಲುವೆ ತೋಡಿ ತಂದೆ. ತೊರೆ ಕೆಳಗಿಳಿಯುತ್ತಾ ಹೋಗುತ್ತದೆ, ಕಾಲುವೆ ಎತ್ತರ ಉಳಿಸಿಕೊಂಡು ಬರುತ್ತದೆ. ಫ್ರಾನ್ಸಿನ ಆರ್ಲ್ ಹತ್ತಿರದ ಬಾರ್ಬೆಗಾಲ್‌ನಲ್ಲಿ ರೋಮನ್ನರು ಗುಡ್ಡದ ಇಳಿಜಾರಿನಲ್ಲಿ ಎಂಟೆಂಟರ ಎರಡು ಸಾಲಿನಲ್ಲಿ 16 ಚಕ್ರ ಇಟ್ಟಿದ್ದರು. ಒಂದು ಚಕ್ರ ಬಿಟ್ಟ ನೀರು ಕೆಳಗಿನ ಚಕ್ರಕ್ಕೆ. ಹಾರೆ ಹಿಡಿದು ಕಾಲುವೆ ತೋಡಿದ ಮೇಲೆ ಅದರ ಚಿತ್ರ ನೋಡಿದರೆ ಆ ಕೆಲಸದ ದೊಡ್ಡತನ ಮೈಗೆ ತಾಗುತ್ತದೆ.

ಎರಡನೇ ಚಕ್ರ 1.9 ಮೀಟರ್ ವ್ಯಾಸದ್ದು ಮಾಡಿದೆ. ಅದು ಆಸೆಬುರುಕತನ. ಮಳೆ ಬಂದು ಕೆಳಗಿನ ನೀರು ಒಂದು ಗೇಣು ಏರಿದ್ದೇ ತಡ, ಚಕ್ರದ ಬುಡ ಮುಳುಗಿತು, ಓಟ ಕುಂದಿತು. ಬಿಚ್ಚಿ 1.6 ಮೀಟರ್‌ಗೆ ಇಳಿಸಿದೆ. 24 ತೊಟ್ಟಿ, ಪ್ರತಿಯೊಂದೂ ಮೂರನೇ ಒಂದು ಭಾಗ ಮಾತ್ರ ತುಂಬುವಷ್ಟು ದೊಡ್ಡದು. ಜಾಸ್ತಿ ತುಂಬಿದರೆ ಕೆಳಗೆ ಬರುವ ಮೊದಲೇ ಚೆಲ್ಲಿಹೋಗುತ್ತದೆ. ನಿಮಿಷಕ್ಕೆ ಸುಮಾರು 11 ಸುತ್ತು.

ಕಲ್ಲಿಗೆ ನಿಮಿಷಕ್ಕೆ ನೂರು ಸುತ್ತು ಬೇಕು. ಅದಕ್ಕೆ ಎರಡು ಹಂತದ ಹಲ್ಲುಚಕ್ರ. ಮೊದಲು 60 ಮತ್ತು 20 ಹಲ್ಲು ಇಟ್ಟಿದ್ದೆ. ಚಿಕ್ಕ ಚಕ್ರದ ಒಂದು ಹಲ್ಲು ದೊಡ್ಡದರ ಅದೇ ಮೂರು ಹಲ್ಲುಗಳಿಗೆ ಮತ್ತೆ ಮತ್ತೆ ಸಿಗುತ್ತಿತ್ತು. ಒಂದು ಹಲ್ಲು ಒರಟಾಗಿದ್ದರೆ ಆ ಮೂರೂ ಸವೆದವು. ಹಳೇ ಗಿರಣಿಯವರು ಒಂದು ಹಲ್ಲು ಹೆಚ್ಚಿಗೆ ಇಡುತ್ತಿದ್ದರು. ನಾನೂ 61 ಮಾಡಿದೆ. ಈಗ ಪ್ರತಿ ಹಲ್ಲೂ ಎಲ್ಲ ಹಲ್ಲುಗಳನ್ನೂ ಮುಟ್ಟಿ ಬರುತ್ತದೆ, ಸವೆತ ಹಂಚಿಹೋಗುತ್ತದೆ. ಇಷ್ಟು ಸಣ್ಣ ಉಪಾಯ ಕಂಡುಕೊಂಡವರ ಮೇಲೆ ನನಗೆ ಬಹಳ ಗೌರವ.

ಬೇಸಿಗೆಯಲ್ಲಿ ನೀರು ಸೆಕೆಂಡಿಗೆ 6 ಲೀಟರ್‌ಗೆ ಇಳಿಯಿತು. ಕಾಲುವೆಯ ತುದಿಯಲ್ಲಿ 30 ಸಾವಿರ ಲೀಟರಿನ ಕೊಳ ತೋಡಿದೆ. ಒಂದೂವರೆ ಗಂಟೆ ತುಂಬಿಸಿದರೆ ಗಿರಣಿ ಹತ್ತಿರ ಹತ್ತಿರ ಒಂದು ಗಂಟೆ ಓಡುತ್ತದೆ.

ಆದರೆ ಕೊಳದಲ್ಲಿ ನೀರು ನಿಂತರೆ ಹೂಳೂ ನಿಲ್ಲುತ್ತದೆ. ಮರುವರ್ಷ ಸಲಿಕೆ ಇಳಿಸಿದಾಗ ಒಂದು ಗೇಣು ಮೆತ್ತನೆಯ ಕೆಸರು. ಒಳಗೆ ಎಲೆ, ಮರಳು, ಮತ್ತೆ ಎಲೆ, ಪದರ ಪದರವಾಗಿ. ಅಮೆರಿಕದ ಪೂರ್ವಭಾಗದಲ್ಲಿ 1840ರ ಹೊತ್ತಿಗೆ 65,000ಕ್ಕೂ ಹೆಚ್ಚು ನೀರಿನ ಗಿರಣಿಗಳಿದ್ದವು. ಅವುಗಳ ಕಟ್ಟೆಗಳ ಹಿಂದೆ ನಿಂತ ಹೂಳೇ ಅಲ್ಲಿನ ಎಷ್ಟೋ ತೊರೆಗಳ ಎತ್ತರದ ದಡವಾಗಿದೆ ಎಂದು 2008ರಲ್ಲಿ ಭೂವಿಜ್ಞಾನಿಗಳು ತೋರಿಸಿದರು. ಸಹಜ ದಡ ಅಂದುಕೊಂಡಿದ್ದು ಗಿರಣಿ ಬಿಟ್ಟುಹೋದ ಮಣ್ಣು.

ಅದನ್ನು ಓದಿದ ಮೇಲೆ ಕಟ್ಟೆಯ ಬುಡದಲ್ಲೂ ಕೊಳದ ಬುಡದಲ್ಲೂ ಒಂದೊಂದು ತೂಬು ಇಟ್ಟೆ. ಜೋರು ಮಳೆ ಬಂದ ದಿನ ಗಿರಣಿ ನಿಲ್ಲಿಸಿ ಎರಡನ್ನೂ ಪೂರ್ತಿ ಎತ್ತುತ್ತೇನೆ. ಕೆಂಪು ನೀರು ಹೂಳನ್ನೆಲ್ಲ ಹೊತ್ತು ತೊರೆಗೆ ಸೇರುತ್ತದೆ. ನೀರು ತಿಳಿಯಾಗುವವರೆಗೂ ಅಲ್ಲೇ ನಿಂತಿದ್ದು, ಆಮೇಲೆ ತೂಬು ಇಳಿಸುತ್ತೇನೆ.