ಪ್ರಯಾಣದಲ್ಲಿ ಗರ್ಭಿಣಿಗೆ ಭೇದಿ ಶುರುವಾದರೆ

ಪರಸ್ಥಳದ ನೀರು, ಊಟದಿಂದ ಬರುವ ಭೇದಿ ಸಾಮಾನ್ಯವಾಗಿ 3ರಿಂದ 5 ದಿನಗಳಲ್ಲಿ ತಾನಾಗಿಯೇ ನಿಲ್ಲುತ್ತದೆ. ಆದರೆ ಗರ್ಭಿಣಿ ಅಷ್ಟು ದಿನ ಸುಮ್ಮನೆ ಕಾಯುವಂತಿಲ್ಲ. ಮೈಯಲ್ಲಿ ನೀರು ತೀರಾ ಕಡಿಮೆಯಾದರೆ ಗರ್ಭಕೋಶಕ್ಕೆ ರಕ್ತ ಪೂರೈಕೆ ತಗ್ಗಬಹುದು, ದಿನ ತುಂಬುವ ಮೊದಲೇ ಹೊಟ್ಟೆ ಬಿಗಿ ಹಿಡಿಯಬಹುದು. ಹಾಗಾಗಿ ಮೊದಲ ಕೆಲಸ ಭೇದಿ ನಿಲ್ಲಿಸುವುದಲ್ಲ, ಹೋದ ನೀರನ್ನು ತುಂಬುವುದು.

ಮೊದಲ ಸಲ ನೀರಾಗಿ ಭೇದಿಯಾದ ಕೂಡಲೇ ಓಆರ್‌ಎಸ್ ಕಲಸಿಕೊಳ್ಳಿ. ಪೊಟ್ಟಣದ ಮೇಲೆ 1 ಲೀಟರ್ ಎಂದಿದ್ದರೆ ಪೂರ್ತಿ ಪುಡಿಯನ್ನು ಒಂದು ಲೀಟರ್ ನೀರಿಗೇ ಹಾಕಬೇಕು. 200 ಮಿ.ಲೀ.ನ ಸಣ್ಣ ಪೊಟ್ಟಣಗಳೂ ಇರುವುದರಿಂದ ಓದಿಯೇ ಕಲಸಿ. ಹೆಚ್ಚಿನವರು ಎಡವುವುದು ಇಲ್ಲೇ: ದೊಡ್ಡ ಪೊಟ್ಟಣವನ್ನು ಒಂದೇ ಲೋಟಕ್ಕೆ ಸುರಿದರೆ ದ್ರಾವಣ ಗಟ್ಟಿಯಾಗಿ, ಕರುಳಿಗೆ ಇನ್ನಷ್ಟು ನೀರನ್ನು ಎಳೆದು, ಭೇದಿ ಜಾಸ್ತಿಯಾಗುತ್ತದೆ. ಸಿಹಿ ಜ್ಯೂಸ್, ಸೋಡಾ ಪಾನೀಯಗಳೂ ಹೀಗೇ ಮಾಡುತ್ತವೆ. ಪೊಟ್ಟಣ ಸಿಗದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಚಮಚ ಮಟ್ಟವಾಗಿರಲಿ, ಗೋಪುರ ಬೇಡ. 24 ಗಂಟೆ ಕಳೆದರೆ ಉಳಿದದ್ದನ್ನು ಚೆಲ್ಲಿ.

ಪ್ರತಿ ಸಲ ಭೇದಿಯಾದಾಗ ಒಂದು ಲೋಟ, ಅಂದರೆ 200ರಿಂದ 250 ಮಿ.ಲೀ. ಕುಡಿಯಿರಿ. ವಾಂತಿಯಾದರೆ 10 ನಿಮಿಷ ಬಿಟ್ಟು, ಎರಡು ಮೂರು ನಿಮಿಷಕ್ಕೊಮ್ಮೆ ಒಂದೊಂದು ಚಮಚದಂತೆ ಮತ್ತೆ ಶುರು ಮಾಡಿ. ಮೂತ್ರ ತಿಳಿ ಹಳದಿಯಾಗಿದ್ದರೆ ನೀರು ಸಾಲುತ್ತಿದೆ ಎಂದರ್ಥ. ಸಕ್ಕರೆ ಕಾಯಿಲೆ ಅಥವಾ ರಕ್ತದೊತ್ತಡ ಇದ್ದವರು ಓಆರ್‌ಎಸ್ ಕುಡಿಯುತ್ತಿರುವುದನ್ನು ವೈದ್ಯರಿಗೆ ಫೋನಿನಲ್ಲಾದರೂ ತಿಳಿಸಬೇಕು.

ಕಲಸುವ ನೀರು ಕುದಿಸಿದ್ದಾಗಿರಲಿ: ಕೊತಕೊತ ಕುದಿ ಬಂದ ಮೇಲೆ ಪೂರ್ತಿ 1 ನಿಮಿಷ, 2,000 ಮೀಟರ್‌ಗಿಂತ ಎತ್ತರದ ಜಾಗದಲ್ಲಿ 3 ನಿಮಿಷ. ನೀರು ಶುದ್ಧ ಮಾಡುವ ಅಯೋಡಿನ್ ಮಾತ್ರೆಗಳನ್ನು ಗರ್ಭಿಣಿ ಬಳಸದಿರುವುದೇ ಒಳ್ಳೆಯದು, ಮಗುವಿನ ಥೈರಾಯ್ಡ್‌ಗೆ ತೊಂದರೆಯಾಗಬಹುದು.

ಇನ್ನು ಮಾತ್ರೆಗಳು. ಜೊತೆಯವರಿಗೆ ಕೊಟ್ಟ ಮಾತ್ರೆಯನ್ನು ನೀವು ನುಂಗಬೇಡಿ. ಬಿಸ್ಮತ್ ಸಬ್‌ಸ್ಯಾಲಿಸಿಲೇಟ್ ಇರುವ ಹೊಟ್ಟೆಯ ಔಷಧಿ, ಡಾಕ್ಸಿಸೈಕ್ಲಿನ್ ಗರ್ಭಿಣಿಗೆ ಬೇಡ. ಸಿಪ್ರೊಫ್ಲಾಕ್ಸಾಸಿನ್ ಅನ್ನೂ ಸಾಮಾನ್ಯವಾಗಿ ಕೊಡುವುದಿಲ್ಲ. ಆ್ಯಂಟಿಬಯಾಟಿಕ್ ಬೇಕೇ ಬೇಕೆಂದಾದರೆ ವೈದ್ಯರು ಹೆಚ್ಚಾಗಿ ಆರಿಸುವುದು ಅಜಿತ್ರೋಮೈಸಿನ್. ಲೋಪರಮೈಡ್ ಭೇದಿಯನ್ನು ತಡೆದರೂ ವೈದ್ಯರನ್ನು ಕೇಳದೆ ತೆಗೆದುಕೊಳ್ಳಬಾರದು. ಜ್ವರ ಅಥವಾ ಮಲದಲ್ಲಿ ರಕ್ತ ಇದ್ದಾಗಲಂತೂ ಮುಟ್ಟಲೇಬಾರದು, ಸೋಂಕು ಒಳಗೇ ಉಳಿದುಬಿಡಬಹುದು. ಜ್ವರಕ್ಕೆ ಪ್ಯಾರಾಸಿಟಮಾಲ್ ಸಾಕು, ಐಬುಪ್ರೊಫೇನ್ ಬೇಡ. ಪ್ರಯಾಣ ಹೊರಡುವ ಮೊದಲೇ ಪ್ರಸೂತಿ ತಜ್ಞರಿಂದ ಚೀಟಿ ಬರೆಸಿಕೊಂಡರೆ ಅಪರಿಚಿತ ಊರಿನಲ್ಲಿ ಔಷಧಿ ಅಂಗಡಿಯ ಮುಂದೆ ನಿಂತು ಯೋಚಿಸುವ ಪಾಡು ತಪ್ಪುತ್ತದೆ.

ಉಪವಾಸ ಬೇಕಾಗಿಲ್ಲ. ಮೆತ್ತಗಿನ ಅನ್ನ, ಬೇಯಿಸಿದ ಆಲೂಗಡ್ಡೆ, ಬಾಳೆಹಣ್ಣು ಸ್ವಲ್ಪ ಸ್ವಲ್ಪವೇ ತಿನ್ನಿ.

ಕೆಳಗಿನ ಯಾವುದೇ ಒಂದು ಕಂಡರೂ ಬೆಳಗಾಗಲಿ ಎನ್ನದೆ ಆಸ್ಪತ್ರೆಗೆ ಹೋಗಿ: 38 ಡಿಗ್ರಿ ಸೆಲ್ಸಿಯಸ್ ದಾಟಿದ ಜ್ವರ, ಮಲದಲ್ಲಿ ರಕ್ತ, ಕುಡಿದದ್ದೆಲ್ಲ ವಾಂತಿಯಾಗುವುದು, 8 ಗಂಟೆ ಕಳೆದರೂ ಮೂತ್ರ ಬಾರದಿರುವುದು, ಎದ್ದರೆ ತಲೆ ಸುತ್ತುವುದು, ಮಗುವಿನ ಚಲನೆ ಕಡಿಮೆಯಾಗುವುದು, ಯೋನಿಯಿಂದ ರಕ್ತ ಅಥವಾ ನೀರು ಹೋಗುವುದು. ಭೇದಿಯ ನುಲಿತಕ್ಕೂ ಹೆರಿಗೆ ನೋವಿಗೂ ವ್ಯತ್ಯಾಸ ತಿಳಿಯುವುದು ಕಷ್ಟ. ಹೊಟ್ಟೆಯ ಮೇಲೆ ಅಂಗೈ ಇಟ್ಟು ನೋಡಿ. ಗರ್ಭಕೋಶ ಕಲ್ಲಿನಂತಾಗಿ, ಸಡಿಲವಾಗಿ, ಮತ್ತೆ ಅದೇ ಅಂತರದಲ್ಲಿ ಗಟ್ಟಿಯಾಗುತ್ತಿದ್ದರೆ ಅದು ಬರೀ ಕರುಳಿನ ನೋವಲ್ಲ.

ಭೇದಿ ನಿಂತ ಮೇಲೂ ಕೆಲವು ವಾರ ಎಚ್ಚರ ಇರಲಿ. ಆಹಾರದಿಂದ ಬರುವ ಲಿಸ್ಟೀರಿಯಾ ಎಂಬ ಬ್ಯಾಕ್ಟೀರಿಯಾದ ಸೋಂಕು ತಡವಾಗಿ, ಬರೀ ಜ್ವರ, ಮೈಕೈ ನೋವಾಗಿ ಕಾಣಿಸಿಕೊಳ್ಳಬಹುದು. ಕಲುಷಿತ ನೀರಿನಿಂದ ಹರಡುವ ಯಕೃತ್ತಿನ ಸೋಂಕಾದ ಹೆಪಟೈಟಿಸ್ ಇ ಗರ್ಭದ ಕೊನೆಯ ಮೂರು ತಿಂಗಳಲ್ಲಿ ಜೀವಕ್ಕೇ ಅಪಾಯ ತರಬಲ್ಲದು. ಕಣ್ಣು ಹಳದಿಯಾದರೆ, ಕಾರಣ ತಿಳಿಯದ ಜ್ವರ ಬಂದರೆ ಅಂದೇ ವೈದ್ಯರ ಬಳಿ ಹೋಗಿ, ಎಲ್ಲಿಗೆ ಹೋಗಿದ್ದಿರಿ, ಏನು ತಿಂದಿರಿ ಎಂಬುದನ್ನು ಅವರು ಕೇಳದಿದ್ದರೂ ಹೇಳಿ.