ರಿಕ್ಷಾ ಹೊರಡಲಿ, ಫೋನೂ ಹೋಗಲಿ

ಉಡುಪಿ ಜಿಲ್ಲೆಯ ಹೆಬ್ರಿ ಕಡೆ 108ರಲ್ಲಿ ಇಎಂಟಿಯಾಗಿ, ಅಂದರೆ ಆಂಬುಲೆನ್ಸಿನಲ್ಲಿ ರೋಗಿಯ ಜೊತೆಗಿದ್ದು ತುರ್ತು ಚಿಕಿತ್ಸೆ ಕೊಡುವವನಾಗಿ, ಸೇರಿದ ಹೊಸದರಲ್ಲಿ ನನಗೆ ಜನರ ಮೇಲೆ ಸಿಟ್ಟು ಬರುತ್ತಿತ್ತು. ಪುಕ್ಕಟೆ ಆಂಬುಲೆನ್ಸ್ ಇರುವಾಗ ಎದೆನೋವಿನವರನ್ನು ರಿಕ್ಷಾದಲ್ಲಿ ಇಬ್ಬರ ನಡುವೆ ಒತ್ತಿ ಕೂರಿಸಿಕೊಂಡು ಹೋಗುತ್ತಾರಲ್ಲ ಎಂದು. ನಮ್ಮ ರಾಜ್ಯದಲ್ಲಿ 108 ಶುರುವಾದದ್ದು 2008ರ ನವೆಂಬರ್‌ನಲ್ಲಿ. ನಂಬರ್ ಗೊತ್ತಿಲ್ಲ ಎಂದವರು ನನಗೆ ಸಿಕ್ಕಿದ್ದೇ ಕಡಿಮೆ.

ಆಮೇಲೆ ಸಿಟ್ಟು ಬಿಟ್ಟು ಕೇಳತೊಡಗಿದೆ: “ಅಕ್ಕ, ಫೋನ್ ಯಾಕೆ ಮಾಡಲಿಲ್ಲ?”

ಗ್ಯಾಸ್ಟ್ರಿಕ್ ಅಂದುಕೊಂಡು ಜೀರಿಗೆ ಕಷಾಯ ಕೊಟ್ಟು ಕೂತೆವು ಎಂದವರೇ ಹೆಚ್ಚು. “ಸೈರನ್ ಕೇಳಿದರೆ ಊರಿಡೀ ಗೊತ್ತಾಗುತ್ತದೆ ಮಾರಾಯ್ರೆ” ಎಂದರು ಒಬ್ಬರು. ನೀವು ಹತ್ತಿರದ ಸರ್ಕಾರಿ ಆಸ್ಪತ್ರೆಗೇ ಹಾಕುತ್ತೀರಿ, ನಮಗೆ ಮಣಿಪಾಲಕ್ಕೇ ಹೋಗಬೇಕಿತ್ತು ಎಂದವರೂ ಇದ್ದಾರೆ. ಎಲ್ಲಕ್ಕಿಂತ ಗಟ್ಟಿಯಾದ ಉತ್ತರ ಮಾತ್ರ ಒಂದೇ: ರಿಕ್ಷಾದವನು ಪಕ್ಕದ ಮನೆಯವನು, ಕರೆದ ಕೂಡಲೇ ಬಂದ.

ಈ ಲೆಕ್ಕ ತಪ್ಪು ಎಂದು ಹೇಳಲು ನನಗೆ ಬಾಯಿ ಬರುವುದಿಲ್ಲ. ಫೋನ್ ಎತ್ತುವವರು ಬೆಂಗಳೂರಿನಲ್ಲಿರುತ್ತಾರೆ. ಗಾಬರಿಯಲ್ಲಿ ತುಳುವೇ ಬಾಯಿಗೆ ಬರುವ ಮನೆಯವರು ಅಡಿಕೆ ತೋಟದೊಳಗಿನ ದಾರಿಯನ್ನು ಅವರಿಗೆ ಹೇಗೆ ವಿವರಿಸಬೇಕು? ಒಮ್ಮೆ ಮಳೆಗಾಲದಲ್ಲಿ ನಮ್ಮ ಗಾಡಿ ರಸ್ತೆಯಲ್ಲೇ ನಿಂತಿತು. ಮುಂದೆ ಕಾಲುಸಂಕ, ಹಳ್ಳಕ್ಕೆ ಅಡ್ಡ ಹಾಕಿದ ಮರದ ಕಿರುಸೇತುವೆ. ಅಜ್ಜಿಯನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ಸೀರೆಯಿಂದ ಕಟ್ಟಿ, ಪಾಚಿ ಹಿಡಿದ ಅಡಿಕೆ ಮರಗಳ ಮೇಲೆ ಒಬ್ಬರ ಹಿಂದೊಬ್ಬರು ಹೆಜ್ಜೆ ಇಟ್ಟು ದಾಟಿಸಿದೆವು. ಕುರ್ಚಿಯ ಹಿಂಗಾಲು ಹಿಡಿದಿದ್ದವನು ನಾನು. ಆ ಮನೆಯವರು ಗಾಡಿ ಮನೆಗೆ ಬರುವುದಿಲ್ಲ ಎಂದರೆ ಅದು ನಿಜ.

ಆದರೆ ರಿಕ್ಷಾಕ್ಕೆ ಯಾವ ಆಸ್ಪತ್ರೆ ಎಂಬುದು ಗೊತ್ತಿರುವುದಿಲ್ಲ. ಪಾರ್ಶ್ವವಾಯು ಹೊಡೆದು ಬಾಯಿ ಸೊಟ್ಟಗಾದ ಒಬ್ಬರನ್ನು ಸಿಟಿ ಸ್ಕ್ಯಾನ್ ಇಲ್ಲದ ನರ್ಸಿಂಗ್ ಹೋಮಿಗೆ ಒಯ್ದಿದ್ದರು. ಅಲ್ಲಿಂದ ಬೇರೆ ಕಡೆ ಬರೆದುಕೊಟ್ಟು, ಮತ್ತೆ ಗಾಡಿ ಹುಡುಕಿ ಹೊರಡುವಷ್ಟರಲ್ಲಿ ರಕ್ತದ ಹೆಪ್ಪು ಕರಗಿಸುವ ಇಂಜೆಕ್ಷನ್‌ಗೆ ಇರುವ ನಾಲ್ಕೂವರೆ ಗಂಟೆ ಮುಗಿದಿತ್ತು. ಅವರ ಬಲಗೈ ಇಂದಿಗೂ ಏಳುವುದಿಲ್ಲ.

ಅಲ್ಲಿಂದ ನಾನು ರಜೆಯ ದಿನ ರಿಕ್ಷಾ ಸ್ಟ್ಯಾಂಡುಗಳಿಗೆ ಹೋಗತೊಡಗಿದೆ. ರೋಗಿಯನ್ನು ರಿಕ್ಷಾದಲ್ಲಿ ಒಯ್ಯಬೇಡಿ ಎನ್ನಲಿಲ್ಲ. “ಅಣ್ಣ, ನೀವು ಹೊರಡಿ, ಹೊರಡುವಾಗಲೇ ಮನೆಯವರ ಕೈಯಲ್ಲಿ 108ಕ್ಕೆ ಫೋನ್ ಮಾಡಿಸಿ. ಎದುರಿನಿಂದ ನಾವು ಬರುತ್ತೇವೆ, ದಾರಿಯಲ್ಲಿ ಸಿಗೋಣ” ಎಂದೆ. ಬಾಡಿಗೆ ಅರ್ಧಕ್ಕೆ ನಿಲ್ಲುತ್ತದಲ್ಲ ಎಂದು ಒಬ್ಬರು ನೇರವಾಗಿ ಕೇಳಿದರು. ನ್ಯಾಯವಾದ ಪ್ರಶ್ನೆ. ಅಲ್ಲಿಯವರೆಗಿನದ್ದನ್ನು ಕೊಟ್ಟುಬಿಡಿ ಎಂದು ಮನೆಮನೆಗಳಲ್ಲೂ ಹೇಳಿದೆ. ಮನೆಯ ಗುರುತನ್ನು ಗೋಡೆಯ ಕ್ಯಾಲೆಂಡರ್ ಮೇಲೆ ಮೊದಲೇ ಬರೆದಿಡಿಸಿದೆ: ಯಾವ ದೈವಸ್ಥಾನ, ಯಾವ ಶಾಲೆ, ಗಾಡಿ ಎಲ್ಲಿಯವರೆಗೆ ಬರುತ್ತದೆ.

ಕಳೆದ ಜುಲೈಯಲ್ಲಿ ಒಂದು ರಾತ್ರಿ ನಾಡ್ಪಾಲು ಕಡೆಯಿಂದ ಕರೆ. ಸೋಮೇಶ್ವರ ಪೇಟೆ ತಲುಪುವಾಗ ಸುರಿಯುವ ಮಳೆಯಲ್ಲಿ ರಿಕ್ಷಾವೊಂದು ಲೈಟು ಮಿಣುಕಿಸುತ್ತ ನಿಂತಿತ್ತು. ಬೆವರಿ ತಣ್ಣಗಾದ ಮನುಷ್ಯ, ಎಡ ಮುಷ್ಟಿಯನ್ನು ಎದೆಗೆ ಒತ್ತಿ ಹಿಡಿದಿದ್ದರು. ಸ್ಟ್ರೆಚರಿಗೆ ಹಾಕಿದೆವು. ಬೆರಳಿಗೆ ಆಮ್ಲಜನಕ ಅಳೆಯುವ ಮೀಟರ್ ಸಿಕ್ಕಿಸಿ ನಮ್ಮ ಡಾಕ್ಟರಿಗೆ ಫೋನ್ ಮಾಡಿದೆ, ಅವರು ಹೇಳಿದಂತೆ ಆಸ್ಪಿರಿನ್ ಜಗಿಸಿದೆ. ರಿಕ್ಷಾದ ಅಣ್ಣ ರೋಗಿಯ ಹೆಂಡತಿಯ ಕೈಗೆ ಚಪ್ಪಲಿ, ಆಧಾರ್ ಕಾರ್ಡ್ ಕೊಟ್ಟು ಬಾಗಿಲು ಹಾಕಿದರು. ಗಾಡಿ ಪೆರ್ಡೂರು ದಾಟುವ ಮೊದಲೇ ಮಣಿಪಾಲಕ್ಕೆ ವಿಷಯ ತಿಳಿಸಿಯಾಗಿತ್ತು.